ಗುಬ್ಬಿಗೆ ಎರವಲು ನಿದ್ದೆ

ಮರುಳಸಿದ್ದಪ್ಪನವರು ಹೊಸ ಯಂತ್ರ ತೋರಿಸುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಳ್ಳುತ್ತಿದ್ದರು. ಆ ಭಾನುವಾರ ಮಧ್ಯಾಹ್ನ ಅಪ್ಪ ಬಿಳಿ ಅಂಗಿಯಲ್ಲಿ ನಡುಮನೆಗೆ ಬಂದದ್ದನ್ನು ನೋಡಿದ ಕೂಡಲೇ ವಿಶಾಲಾಕ್ಷಿಯ ಎದೆ ಧಸಕ್ಕೆಂದಿತು. ಹಿಂದಿನ ಸಲ ಆ ಅಂಗಿ ಹೊರಬಿದ್ದಾಗ ಮೆಣಸಿನಕಾಯಿ ಬಜ್ಜಿಯನ್ನು ತಾನೇ ಮಗುಚುವ ಯಂತ್ರ ಬಂದಿತ್ತು. ಅದು ಬಜ್ಜಿಯನ್ನೇನೋ ಮಗುಚಿತು. ಆದರೆ ಬಾಣಲೆಯೊಳಗೆ ಮಗುಚದೆ ಕಾಂಪೌಂಡಿನಾಚೆ ಒಣಹಾಕಿದ್ದ ಪಕ್ಕದ ಮನೆಯವರ ಪಂಚೆಯ ಮೇಲೆ ಮಗುಚಿತು. ಆ ಮನೆಯವರು ಈಗಲೂ ಪಂಚೆಯನ್ನು ಒಳಗೇ ಒಣಗಿಸುತ್ತಾರೆ.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು ಮರುಳಸಿದ್ದಪ್ಪ. ಗಿರಣಿ ಬಾಗಿಲು ಮುಚ್ಚಿದ ಮೇಲೆ ಕೈ ಸುಮ್ಮನಿರಬೇಕಲ್ಲ! ಹಿತ್ತಲಿನ ಶೆಡ್ಡಿನಲ್ಲಿ ಕೂತು ಮನೆಯವರಿಗೆ ಅನುಕೂಲ ಮಾಡಿಕೊಡಲು ಶುರುಮಾಡಿದರು. ಅಂದಿನಿಂದ ಮನೆಯವರು ಅನುಭವಿಸಿದ ಅನುಕೂಲ ಒಂದೆರಡಲ್ಲ.

"ಬರ್ರಿ, ಎಲ್ಲಾರೂ ಬರ್ರಿ," ಅಂದು ಅವರು ಮೇಜಿನ ಮೇಲಿದ್ದ ಟವೆಲ್ಲನ್ನು ಎಳೆದರು. ಕೆಳಗೆ ಕೂತಿದ್ದದ್ದು ಹಳೆಯ ಗ್ರೈಂಡರಿನ ಹೊಟ್ಟೆ. ಅದರಿಂದ ಎರಡು ವೈರುಗಳು ಹೊರಟಿದ್ದವು. ಒಂದರ ತುದಿಗೆ ದೊಡ್ಡದೊಂದು ಸ್ಟೀಲಿನ ಜಾಲರಿ, ಇನ್ನೊಂದರ ತುದಿಗೆ ಮಗುವಿನ ಉಲ್ಲನ್ ಕುಲಾವಿ. ಕುಲಾವಿಯ ಒಳಗೆಲ್ಲ ನವಿರಾದ ತಾಮ್ರದ ತಂತಿ ಹೊಲಿದಿತ್ತು.

"ಅದು ನಾನು ಅನ್ನ ಬಸಿಯೋ ಜಾಲರಿ," ಅಂದರು ಅವರ ಹೆಂಡತಿ ಸರ್ವಮಂಗಳಮ್ಮ.

"ಆಗಿತ್ತು. ಈಗ ಅದು ಗುರುಪೀಠ."

"ರಾತ್ರಿ ಅನ್ನ ಗುರುಪೀಠದಾಗೆ ಬಸಿಯೋದೇನ್ರಿ ಹಂಗಾರೆ?"

"ನೀನು ಸ್ವಲ್ಪ ಸುಮ್ನಿರು. ವಿಶಾಲು, ನೀನು ಕೇಳು ಮಗಳೇ. ಮಗೂಗೆ ನಡಿಯೋದು ಕಲಿಸ್ತೀವಿ, ಮಾತು ಕಲಿಸ್ತೀವಿ. ನಿದ್ದೆ ಮಾಡೋದು ಯಾರಾದ್ರೂ ಕಲಿಸಿದಾರಾ? ಬರೀ ತೂಗ್ತೀವಿ. ತೂಗಿ ತೂಗಿ ಅದಕ್ಕೆ ತಲೆ ತಿರುಗಿ ಬೀಳ್ತೈತೆ, ನಾವು ಮಲಗ್ತು ಅಂದ್ಕೊಂತೀವಿ. ಅದಕ್ಕೇ ಇದು. ಚೆನ್ನಾಗಿ ಮಲಗೋಕೆ ಬರೋರ ತಲೆ ಮ್ಯಾಲೆ ಈ ಜಾಲರಿ ಇಟ್ರೆ ಅವರ ನಿದ್ದೆ ಹಂಗೇ ಅಚ್ಚಾಗಿ ಈ ಡಬ್ಬಿ ಒಳಗೆ ಬರ್ತೈತೆ. ಕುಲಾವಿ ಹಾಕಿದ್ರೆ ಅದೇ ನಿದ್ದೆ ಮಗೂಗೆ ಇಳೀತೈತೆ. ಬರೀ ಶೆಲ್ಲಿಂದು, ಕರೆಂಟಿಲ್ಲ, ಹೆದರ್ಬೇಡ. ಇದರ ಹೆಸರು ನಿದ್ದೆಗುರು."

ಬೇರೆ ದಿನವಾಗಿದ್ದರೆ ವಿಶಾಲು ಮಗುವನ್ನು ಎತ್ತಿಕೊಂಡು ಹಿಂದಿನ ಬೀದಿಯ ತನ್ನ ಮನೆಗೆ ಓಡಿಬಿಡುತ್ತಿದ್ದಳು. ಆದರೆ ಅವಳಿಗೆ ಓಡುವ ಶಕ್ತಿ ಉಳಿದಿರಲಿಲ್ಲ. ಅವಳ ಹತ್ತು ತಿಂಗಳ ಮಗಳು ಗುಬ್ಬಿ ಹುಟ್ಟಿದಾಗಿನಿಂದ ಒಂದೇ ಏಟಿಗೆ ಮಲಗಿದ್ದೇ ಇಲ್ಲ. ತೂಗಬೇಕು, ತಟ್ಟಬೇಕು, ಹಾಡಬೇಕು, ಹಾಡುತ್ತ ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತಬೇಕು. ಕೆಳಗೆ ಮಲಗಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಗುಬ್ಬಿ ಎದ್ದು ನಗುತ್ತಿರುತ್ತಿದ್ದಳು. ಮೊನ್ನೆ ವಿಶಾಲು ಹಾಲಿನ ಪಾತ್ರೆಯನ್ನು ತೊಟ್ಟಿಲಲ್ಲಿಟ್ಟು ಜೋ ಜೋ ಎಂದು ತೂಗಿ, ಮಗುವನ್ನೆತ್ತಿಕೊಂಡು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಿದ್ದಳು. ತಣ್ಣನೆ ಗಾಳಿ ಮುಖಕ್ಕೆ ಬಡಿದು ಎಚ್ಚರವಾಗದಿದ್ದರೆ ಏನಾಗುತ್ತಿತ್ತೋ! ನಾಳೆ ಬಿಟ್ಟು ಮುಂದಿನ ಸೋಮವಾರ ಅವಳ ರಜೆ ಮುಗಿಯುತ್ತಿತ್ತು. ಅವಳದ್ದು ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ. ಹಾಲಿಗೂ ಮಗುವಿಗೂ ವ್ಯತ್ಯಾಸ ತಿಳಿಯದವಳು ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಅಂಟಿಸಿದರೆ ಗತಿಯೇನು?

"ಯಾರ ನಿದ್ದೆ ಕೊಡ್ತೀರಿ ಅಪ್ಪಾಜಿ?" ಎಂದು ಕೇಳಿದಳು.

ಮರುಳಸಿದ್ದಪ್ಪನವರ ಕಣ್ಣು ಮೆಲ್ಲಗೆ ಹೆಂಡತಿಯ ಕಡೆ ತಿರುಗಿತು.

"ನನ್ನನ್ಯಾಕೆ ನೋಡ್ತೀರಿ?" ಅಂದರು ಸರ್ವಮಂಗಳಮ್ಮ. "ನಂಗೆ ನಿದ್ದೆ ಅನ್ನೋದೇ ಇಲ್ಲ. ರಾತ್ರಿ ಇಡೀ ಈ ಕಡಿಗೊಂದ್ಸಲ ಆ ಕಡಿಗೊಂದ್ಸಲ ಹೊರಳ್ತಾ ಇರ್ತೀನಿ."

ಹೊರಳುವುದು ನಿಜವೇ. ಗೊರಕೆಯ ಸದ್ದು ಎರಡೂ ಕಡೆಗೆ ಸಮನಾಗಿ ಹಂಚಿಹೋಗಲಿ ಎಂದು ಹೊರಳುತ್ತಿದ್ದರೋ ಏನೋ. ಮರುಳಸಿದ್ದಪ್ಪ ವಾದಕ್ಕೆ ಇಳಿಯಲಿಲ್ಲ. ಟಿವಿಯಲ್ಲಿ ಮಧ್ಯಾಹ್ನದ ಧಾರಾವಾಹಿ ಹಾಕಿದರು. ಹಾಡು ಮುಗಿದು ಅತ್ತೆ ಪಾತ್ರದವಳು ಹುಬ್ಬೇರಿಸುವಷ್ಟರಲ್ಲಿ ಸರ್ವಮಂಗಳಮ್ಮನ ಗಲ್ಲ ಎದೆಗೆ ತಾಗಿತ್ತು. ಅವರ ತಲೆಯ ಮೇಲೆ ಜಾಲರಿ ಕೂತಿತು, ಗ್ರೈಂಡರು ಗುರುಗುಟ್ಟಿತು. ಆಮೇಲೆ ಗುಬ್ಬಿಗೆ ಕುಲಾವಿ ಹಾಕಿದರು. ಅವಳು ಒಮ್ಮೆ ಆಕಳಿಸಿ ಅಜ್ಜಿಯ ಹಾಗೆಯೇ ಗಲ್ಲವನ್ನು ಎದೆಗೊತ್ತಿಕೊಂಡು ನಿದ್ದೆಹೋದಳು.

ವಿಶಾಲುಗೆ ಕಣ್ಣಲ್ಲಿ ನೀರೇ ಬಂತು. ಅಪ್ಪನ ಕಾಲಿಗೆ ಬೀಳೋಣವೆನಿಸಿತು. ಬೀಳುವ ಮುಂಚೆ ಮಗುವಿಗೆ ಸದ್ದಾಗದಿರಲಿ ಎಂದು ಟಿವಿ ಆರಿಸಿದಳು. ಅಷ್ಟೇ! ಗುಬ್ಬಿ ಫಟ್ಟನೆ ಕಣ್ಣು ಬಿಟ್ಟು, ಯಾರೋ ತನ್ನ ಆಸ್ತಿಗೆ ಕೈಹಾಕಿದ ಹಾಗೆ ಮುಖ ಗಂಟಿಕ್ಕಿಕೊಂಡು ಕಿರುಚಿದಳು. ಪಕ್ಕದಲ್ಲಿ ಸರ್ವಮಂಗಳಮ್ಮನೂ ಅದೇ ಮುಖದಲ್ಲಿ ಎದ್ದು ಕೂತಿದ್ದರು.

"ಯಾಕೆ ಆರಿಸಿದ್ರಿ? ನಾನು ನೋಡ್ತಿದ್ನಲ್ಲ."

"ಕಣ್ಣು ಮುಚ್ಕೊಂಡು ನೋಡ್ತಿದ್ಯಾ?"

"ಕಣ್ಣಿಗೆ ಆಯಾಸ ಆಗಬಾರ್ದು ಅಂತ ಮುಚ್ಕೊಂಡಿದ್ದೆ. ಕಥೆ ಎಲ್ಲಾ ಗೊತ್ತೈತೆ."

ಗುರುವಿನ ನಿದ್ದೆಯ ಒಳಗುಟ್ಟು ಆಗ ಬಯಲಾಯಿತು. ಸರ್ವಮಂಗಳಮ್ಮನಿಗೆ ಧಾರಾವಾಹಿ ನಡೆಯುತ್ತಿದ್ದರೆ ಮಾತ್ರ ನಿದ್ದೆ. ಜಾಹೀರಾತು ಬಂದ ಕೂಡಲೇ ಎದ್ದು ಒಲೆ ಮೇಲಿಟ್ಟದ್ದೇನಾಯಿತೆಂದು ನೋಡಿಕೊಂಡು ಬಂದು, ಕಥೆ ಶುರುವಾದೊಡನೆ ಮತ್ತೆ ಮಲಗುವುದು ಅವರ ವರ್ಷಗಳ ಅಭ್ಯಾಸ. ಈಗ ಗುಬ್ಬಿಯೂ ಹಾಗೆಯೇ. ಸೋಪಿನ ಜಾಹೀರಾತು ಬಂದರೆ ಎದ್ದು ಅಡುಗೆಮನೆಯ ಕಡೆ ಮೂಗೆತ್ತಿ ವಾಸನೆ ನೋಡುವಳು. ಅತ್ತೆ ಮತ್ತೆ ಹುಬ್ಬೇರಿಸಿದರೆ ಮಲಗುವಳು. ಆ ಧಾರಾವಾಹಿಯಲ್ಲಿ ಕಥೆಗಿಂತ ಸೋಪೇ ಹೆಚ್ಚು. ಜಾಹೀರಾತು ಕಡಿಮೆಯಿದ್ದೀತೆಂದು ವಾರ್ತೆ ಹಾಕಿ ನೋಡಿದರು. ವಾರ್ತೆ ಓದುವವನು ಕೂಗಿದ ಅಬ್ಬರಕ್ಕೆ ಗುಬ್ಬಿಯಷ್ಟೇ ಅಲ್ಲ, ಬೀದಿಯ ನಾಯಿಯೂ ಎದ್ದಿತು. ವಿಶಾಲು ಮಗುವಿನೊಂದಿಗೆ ತವರಲ್ಲೇ ಉಳಿದಳು, ಬುಧವಾರದವರೆಗೆ ಟಿವಿ ಆರಲಿಲ್ಲ. ಸೊಸೆಗೆ ಅತ್ತೆ ಹಾಲಲ್ಲಿ ಏನು ಬೆರೆಸುತ್ತಾಳೆಂದು ವಿಶಾಲುಗೆ ಬಾಯಿಪಾಠವಾಯಿತೇ ಹೊರತು ಅವಳು ರೆಪ್ಪೆ ಮುಚ್ಚಿದ್ದು ಜಾಹೀರಾತಿನ ನಡುನಡುವೆ ಮಾತ್ರ.

"ಯಂತ್ರದ ತಪ್ಪಲ್ಲ, ಗುರುವಿನ ತಪ್ಪು," ಅಂದರು ಮರುಳಸಿದ್ದಪ್ಪ.

"ಹೌದ್ರೀ, ನಲವತ್ತು ವರ್ಷದಿಂದ ಈ ಮನೇಲಿ ಎಲ್ಲಾ ನಂದೇ ತಪ್ಪು," ಅಂದು ಸರ್ವಮಂಗಳಮ್ಮ ತಮ್ಮ ಜಾಲರಿಯನ್ನು ಕಿತ್ತುಕೊಂಡು ಹೋದರು. ಅವರು ಅನ್ನ ಬಸಿದು ಮುಗಿಸಿದ ಮೇಲೆ ಅದನ್ನು ಮತ್ತೆ ತಂದು ವೈರಿಗೆ ಸಿಕ್ಕಿಸಬೇಕಾಯಿತು.

ಎರಡನೆಯ ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ವಿಶಾಲುವಿನ ಗಂಡ ಕೊಟ್ರೇಶ ಹರಪನಹಳ್ಳಿಗೆ ಹೋಗಿಬರುವ ಖಾಸಗಿ ಬಸ್ಸಿನ ಕಂಡಕ್ಟರು. ಮಲಗಲು ಹಾಸಿಗೆ ಬೇಕೆಂಬುದು ಅವನ ಗಮನಕ್ಕೆ ಬಂದದ್ದೇ ಮದುವೆಯಾದ ಮೇಲೆ. ಬಸ್ಸಿನ ಕಂಬಿ ಹಿಡಿದು ನಿಂತೇ ಮಲಗಬಲ್ಲ. ಮೂಟೆಯ ಮೇಲೆ, ಏಣಿಗೆ ಒರಗಿ, ಕೋಳಿಬುಟ್ಟಿಯ ಪಕ್ಕದಲ್ಲಿ ಮಲಗಬಲ್ಲ. ತಮ್ಮ ಮದುವೆಯ ಫೋಟೋಗಳಲ್ಲಿ ಅರ್ಧದಷ್ಟರಲ್ಲಿ ಅವನು ಕಣ್ಣು ಮುಚ್ಚಿರುವುದು ನಾಚಿಕೆಯಿಂದಲ್ಲ ಎಂದು ವಿಶಾಲುಗೆ ತಡವಾಗಿ ತಿಳಿದಿತ್ತು.

ಮಗಳು ಅವನ ಕಿವಿಯ ಹತ್ತಿರವೇ ಅತ್ತರೂ ಅವನು ಮಿಸುಕುತ್ತಿರಲಿಲ್ಲ. ಬೆಳಿಗ್ಗೆ ಮೈಮುರಿದುಕೊಂಡು ಎದ್ದು, "ಗುಬ್ಬಿ ಚೆನ್ನಾಗೇ ಮಲಗ್ತಾಳಲ್ಲೇ, ನಂಗೊಂದು ಸದ್ದೂ ಕೇಳಿಸ್ಲಿಲ್ಲ," ಅನ್ನುತ್ತಿದ್ದ. ವಿಶಾಲುಗೆ ಮಗುವಿನ ಮೇಲೆ ಎಂದೂ ಸಿಟ್ಟು ಬಂದಿರಲಿಲ್ಲ. ಆದರೆ ಈ ಮಾತಿಗೆ ಮಾತ್ರ ಮೈಯೆಲ್ಲ ಉರಿದುಹೋಗುತ್ತಿತ್ತು.

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದ ಅಳಿಯನಿಗೆ ಮರುಳಸಿದ್ದಪ್ಪ ವಿಷಯ ತಿಳಿಸಿದರು. ಕೊಟ್ರೇಶ ಹಿಗ್ಗಿಹೋದ.

"ನನ್ನ ನಿದ್ದೆ ನನ್ನ ಮಗಳಿಗೇ ಹೋಗ್ತೈತೆ ಅಂದ್ರೆ ಇನ್ನೇನು ಬೇಕು ಮಾವ," ಅಂದ. ಅನ್ನುತ್ತ ಅನ್ನುತ್ತಲೇ ಗೋಡೆಗೊರಗಿ ಮಲಗಿದ. ಜಾಲರಿಯನ್ನು ತಲೆಯ ಮೇಲಿಟ್ಟದ್ದೂ ಅವನಿಗೆ ಗೊತ್ತಾಗಲಿಲ್ಲ.

ಈ ಸಲ ಗುಬ್ಬಿ ತೊಟ್ಟಿಲಲ್ಲಿ ಮಲಗಿದ ರೀತಿ ನೋಡಬೇಕಿತ್ತು. ಟಿವಿ ಆರಿಸಿದರು, ಏಳಲಿಲ್ಲ. ಸರ್ವಮಂಗಳಮ್ಮ ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿದರು, ಏಳಲಿಲ್ಲ. ಬೀದಿಯಲ್ಲಿ ಈರುಳ್ಳಿ ಮಾರುವವನು ಮೈಕಿನಲ್ಲಿ ಕೂಗಿಕೊಂಡು ಹೋದ, ಏಳಲಿಲ್ಲ. ತೊಟ್ಟಿಲು ತೂಗುತ್ತಿದ್ದ ವಿಶಾಲು ಸಮಾಧಾನದ ಉಸಿರು ಬಿಟ್ಟು, ಹಗ್ಗವನ್ನೂ ಬಿಟ್ಟು, ಚಾಪೆಯ ಮೇಲೆ ಉರುಳಿಕೊಂಡಳು.

ತೊಟ್ಟಿಲು ಓಲಾಡಿ ಓಲಾಡಿ ನಿಂತಿತು. ನಿಂತ ಕ್ಷಣವೇ ಗುಬ್ಬಿ ಎದ್ದು ಕೂತಳು. ತೊಟ್ಟಿಲಿನಿಂದ ತಲೆ ಹೊರಹಾಕಿ ಹಿಂದೆ ನೋಡಿದಳು, ಮುಂದೆ ನೋಡಿದಳು. ಆಮೇಲೆ ಗಿಲಕಿಯನ್ನೆತ್ತಿ ತೊಟ್ಟಿಲಿನ ಸರಳಿಗೆ ಟಕ್ ಟಕ್ ಎಂದು ಎರಡು ಬಡಿದಳು.

"ಇದೇನೇ ಇದು?" ಅಂದರು ಸರ್ವಮಂಗಳಮ್ಮ, ಗಾಬರಿಯಲ್ಲಿ ಹಗ್ಗ ಜಗ್ಗಿ. ತೊಟ್ಟಿಲು ಹೊರಟಿತು. ಗುಬ್ಬಿ ಕೂತಲ್ಲೇ ನಿದ್ದೆಹೋದಳು.

ಸದ್ದಿಗೆ ಎದ್ದಿದ್ದ ಕೊಟ್ರೇಶ, ಹೌದು, ಆ ಟಕ್ ಟಕ್ಕಿಗೆ ಮಾತ್ರ ಅವನಿಗೆ ತಟ್ಟನೆ ಎಚ್ಚರವಾಗಿತ್ತು, ಎದೆಯುಬ್ಬಿಸಿ ಹೇಳಿದ: "ಎರಡು ಬಡಿದ್ರೆ ಹೊರಡ್ಲಿ ಅಂತ. ಸ್ಟಾಪ್ ಬಂದ್ರೆ ಏಳಬೇಕು, ಬಸ್ ಬಿಟ್ರೆ ಮಲಗಬೇಕು. ಡ್ಯೂಟಿ ಅಂದ್ರೆ ಡ್ಯೂಟಿ."

"ತೂಗೋದು ನಿಲ್ಲಿಸಿದ್ರೆ?" ಎಂದು ವಿಶಾಲು ಕೇಳಿದಳು.

"ನಿಲ್ಲಿಸಿದ್ರೆ ಏಳ್ತಾಳೆ."

"ಅಂದ್ರೆ ತೂಗ್ತಾನೇ ಇರ್ಬೇಕೇನ್ರಿ?"

"ಹರಪನಹಳ್ಳಿ ಬರೋ ತನಕ," ಅಂದ ಕೊಟ್ರೇಶ, ಏನೂ ವಿಶೇಷವಿಲ್ಲ ಎಂಬಂತೆ.

ಹರಪನಹಳ್ಳಿ ಬರಲೇ ಇಲ್ಲ. ಶುಕ್ರವಾರ ಪೂರ್ತಿ ಮನೆಯವರು ಪಾಳಿ ಹಾಕಿಕೊಂಡು ತೂಗಿದರು. ಯಾರಾದರೂ ತೂಕಡಿಸಿ ಹಗ್ಗ ಸಡಿಲಿಸಿದರೆ ಒಳಗಿಂದ ಟಕ್ ಟಕ್. ಇಷ್ಟು ಸಾಲದೆಂದು ಗುಬ್ಬಿ ಇನ್ನೊಂದು ವರಸೆ ತೆಗೆದಳು. ತೊಟ್ಟಿಲಿನ ಪಕ್ಕದಲ್ಲಿ ಯಾರೇ ಹಾದುಹೋಗಲಿ, ಅಂಗೈ ಚಾಚುವಳು. ಏನನ್ನಾದರೂ ಅದರಲ್ಲಿಡುವ ತನಕ ಅವರ ಸೆರಗನ್ನೋ ಪಂಚೆಯನ್ನೋ ಬಿಡುವವಳಲ್ಲ. ಬಿಸ್ಕತ್ತು ಕೊಟ್ಟರೆ ಬೆರಳಸಂದಿಯಲ್ಲಿ ಸಿಕ್ಕಿಸಿಕೊಂಡು, ಮುಂದೆ ಹೋಗಿ ಎಂಬಂತೆ ಕೈಯಾಡಿಸುವಳು. ಸ್ನಾನಕ್ಕೆ ಹೊರಟಿದ್ದ ಮರುಳಸಿದ್ದಪ್ಪನವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಕೊನೆಗೆ ಸೋಪಿನ ಡಬ್ಬಿ ಒಪ್ಪಿಸಿ, ಬರೀ ನೀರಲ್ಲಿ ಸ್ನಾನ ಮುಗಿಸಿದರು.

ಶನಿವಾರ ಬೆಳಿಗ್ಗೆ ಕೊಟ್ರೇಶ ಎಂದಿನಂತೆ ಮೈಮುರಿದುಕೊಂಡು ಬಂದು, "ನೋಡಿದ್ಯಾ, ನನ್ನ ನಿದ್ದೆ ಕೊಟ್ಟ ಮ್ಯಾಲೆ ಗುಬ್ಬಿ ಎಷ್ಟು ಚೆನ್ನಾಗಿ..." ಎಂದು ಬಾಯಿ ತೆಗೆದ. ವಿಶಾಲು ತೊಟ್ಟಿಲಿನ ಹಗ್ಗವನ್ನು ಅವನ ಕೈಗೆ ಹಾಕಿದಳು.

"ನೀವು ಮಾತಾಡ್ಬೇಡ್ರಿ," ಅಂದಳು. ಅವಳ ದನಿ ಏರಲಿಲ್ಲ. "ಹತ್ತು ತಿಂಗಳಾತು ನಾನು ಮಲಗಿ. ನಾಡಿದ್ದು ಲ್ಯಾಬಿಗೆ ಹೋಗ್ಬೇಕು. ಒಂದು ಹೆಸರು ಮೂರು ಸಲ ಓದಿದ್ರೂ ತಲಿಗೆ ಹತ್ತಲ್ಲ. ಯಾರಿಗಾದ್ರೂ ಏನಾದ್ರೂ ತಪ್ಪು ಮಾಡಿಬಿಡ್ತೀನೇನೋ ಅಂತ ಹೆದರಿಕೆ ಆಗ್ತೈತೆ ನಂಗೆ. ಅಪ್ಪಾಜಿ, ನಂಗೆ ಗುರುನೂ ಬ್ಯಾಡ, ಯಂತ್ರನೂ ಬ್ಯಾಡ. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ಯಾರೂ ಎಬ್ಬಿಸದಂಗೆ ಮಲಗ್ಬೇಕು ನಾನು."

ಮರುಳಸಿದ್ದಪ್ಪ ನೆಟ್ಟಗೆ ಶೆಡ್ಡಿಗೆ ಹೋದರು. ಅವರಿಗೆ ಮಗಳ ಮೇಲಿನ ಪ್ರೀತಿಯನ್ನು ತೋರಿಸಲು ಗೊತ್ತಿದ್ದದ್ದು ಅದೊಂದೇ ದಾರಿ. ಮನೆಯವರ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಗುತ್ತಿತ್ತು.

ಭಾನುವಾರ ಊಟದ ಹೊತ್ತಿಗೆ ಮತ್ತೆ ಬಿಳಿ ಅಂಗಿ.

"ಇವತ್ತು ಗುಬ್ಬಿ ಒಳಗೆ ತುಂಬಿದ್ದನ್ನೆಲ್ಲ ವಾಪಸ್ ಎಳ್ಕೊಂಬಿಡ್ತೀನಿ," ಅಂದರು. "ಬೆಲ್ಟ್ ಉಲ್ಟಾ ಹಾಕಿದೀನಿ. ಅಜ್ಜಿ ನಿದ್ದೆ, ಅಪ್ಪನ ನಿದ್ದೆ ಎರಡೂ ಹೊರಗೆ ಬರ್ತಾವೆ."

"ಬಂದು ಎಲ್ಲಿಗೆ ಹೋಗ್ತಾವ್ರಿ?" ಎಂದು ಸರ್ವಮಂಗಳಮ್ಮ ಕೇಳಿದರು. ಆ ವಾರದಲ್ಲಿ ಆ ಮನೆಯಲ್ಲಿ ಹುಟ್ಟಿದ ಬುದ್ಧಿವಂತ ಪ್ರಶ್ನೆ ಅದೊಂದೇ.

"ಮ್ಯಾಲೆ ಹಳೇ ಟಿವಿ ಆಂಟೆನಾ ಐತಲ್ಲ, ಅದಕ್ಕೆ ವೈರ್ ಕೊಟ್ಟಿದೀನಿ. ಆಕಾಶಕ್ಕೆ ಹೋಗ್ತಾವೆ. ಆಕಾಶಕ್ಕೇನು ತೊಂದ್ರೆ?"

ಊಟ ಮುಗಿಯಿತು. ರೊಟ್ಟಿ, ಎಣ್ಣೆಗಾಯಿ, ಮೊಸರು. ಭಾನುವಾರದ ಊಟವಾದ ಮೇಲೆ ಆ ಬೀದಿಯಲ್ಲಿ ನೊಣ ಕೂಡ ಹಾರುವುದಿಲ್ಲ, ಮನೆಮನೆಯಲ್ಲೂ ಚಾಪೆ ಬಿಚ್ಚುತ್ತದೆ. ಸರ್ವಮಂಗಳಮ್ಮ ಅಡ್ಡಾದರು, ಕೊಟ್ರೇಶ ಕೈ ತೊಳೆಯುತ್ತಲೇ ಮಲಗಿದ. ಒಳಕೋಣೆಯಲ್ಲಿ ಗುಬ್ಬಿಗೆ ಕುಲಾವಿ ಹಾಕಿ, ಮರುಳಸಿದ್ದಪ್ಪ ಯಂತ್ರ ಚಾಲೂ ಮಾಡಿದರು. ಮೊದಲು ಗುಬ್ಬಿಯ ಹಣೆಯ ಗಂಟು ಬಿಚ್ಚಿತು. ಅದು ಅಜ್ಜಿಯದು. ಆಮೇಲೆ ಚಾಚಿದ್ದ ಅಂಗೈ ಮಡಿಚಿಕೊಂಡಿತು. ಅದು ಅಪ್ಪನದು. ಅಲ್ಲಿಗೆ ಯಂತ್ರ ನಿಲ್ಲಿಸಬೇಕಿತ್ತು. ಆದರೆ ಯಂತ್ರವನ್ನು ಹೇಗೆ ನಿಲ್ಲಿಸಬೇಕೆಂದು ಮಗಳಿಗೆ ವಿವರಿಸುತ್ತ ಕೂತ ಮರುಳಸಿದ್ದಪ್ಪ ಅದನ್ನು ನಿಲ್ಲಿಸುವುದನ್ನು ಮರೆತರು. ವಿವರಿಸುತ್ತ ವಿವರಿಸುತ್ತ ಅವರಿಗೇ ಜೊಂಪು ಹತ್ತಿ, ನಡುಮನೆಗೆ ಹೋಗಿ ಹೆಂಡತಿಯ ಪಕ್ಕ ಅಡ್ಡಾದರು. ಗ್ರೈಂಡರು ತನ್ನಷ್ಟಕ್ಕೆ ತಿರುಗುತ್ತಿತ್ತು. ವಿಶಾಲು ತಡಕಾಡಿ ಅದರ ಗುಂಡಿ ಒತ್ತಿ ನಿಲ್ಲಿಸುವಷ್ಟರಲ್ಲಿ ಗುಬ್ಬಿಯ ಸ್ವಂತ ನಿದ್ದೆಯೂ ಆಂಟೆನಾ ಹತ್ತಿ ಹೋಗಿತ್ತು.

ಮೊದಲು ಅತ್ತದ್ದು ಸರ್ವಮಂಗಳಮ್ಮ.

ವಿಶಾಲು ಓಡಿ ನೋಡಿದರೆ, ಅವ್ವ ಚಾಪೆಯ ಮೇಲೆ ಎದ್ದು ಕೂತು ಕೆಳತುಟಿ ಮುಂದೆ ಮಾಡಿ ಬಿಕ್ಕುತ್ತಿದ್ದಾಳೆ. "ಏನಾತವ್ವ?" ಎಂದು ಬೆನ್ನು ತಟ್ಟಿದರೆ ಸುಮ್ಮನಾಗುತ್ತಾಳೆ, ಕೈ ತೆಗೆದರೆ ಮತ್ತೆ ಅಳು. ಅಷ್ಟರಲ್ಲಿ ಅಪ್ಪನೂ ಎದ್ದು ಮುಷ್ಟಿಯಲ್ಲಿ ಕಣ್ಣುಜ್ಜಿಕೊಳ್ಳುತ್ತ ರಾಗ ತೆಗೆದರು. ಅವರ ದನಿಗೆ ಎದ್ದ ಕೊಟ್ರೇಶ ಇಬ್ಬರನ್ನೂ ಮೀರಿಸುವ ಹಾಗೆ ಹೋ ಎಂದು ಗೋಳಿಟ್ಟ. ಹತ್ತು ತಿಂಗಳು ಯಾವ ಸದ್ದಿಗೂ ಮಿಸುಕದವನು! ಪಕ್ಕದ ಮನೆಯಿಂದ ಒಂದು ಗಂಡು ದನಿ, ಎದುರು ಮನೆಯಿಂದ ಎರಡು ಹೆಣ್ಣು ದನಿ, ಆಮೇಲೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮೀಸೆ ಹೊತ್ತವರು, ಮೊಮ್ಮಕ್ಕಳಿದ್ದವರು ಎಲ್ಲರೂ ತಟ್ಟುವವರಿಗಾಗಿ ಅಳುತ್ತಿದ್ದರು.

"ಅಪ್ಪಾಜಿ, ಏನು ಮಾಡಿದ್ರಿ ನೀವು?"

ಮರುಳಸಿದ್ದಪ್ಪನವರಿಗೆ ಅಳುವಿನಲ್ಲೂ ವಿಜ್ಞಾನ ಕೈಬಿಟ್ಟಿರಲಿಲ್ಲ. "ಆಕಾಶಕ್ಕೆ ಹೋಗ್ಲಿಲ್ಲ ಮಗಳೇ... ಬೀದಿಗೆ ಬಿತ್ತು. ಯಾರ್ಯಾರು ಮಲಗಿದ್ರೋ... ಅವರಿಗೆಲ್ಲ ಗುಬ್ಬಿ ನಿದ್ದೆ ಸೇರಿಬಿಟ್ಟೈತೆ," ಎಂದು ಬಿಕ್ಕಿಬಿಕ್ಕಿ ಹೇಳಿದರು. "ರಾತ್ರಿ ಹೊತ್ತಿಗೆ ಇಳಿದುಹೋಗ್ತೈತೆ. ಅಲ್ಲೀ ತನಕ... ಸ್ವಲ್ಪ ತೂಗೇ."

"ಮತ್ತೆ ನಂಗ್ಯಾಕೆ ಸೇರ್ಲಿಲ್ಲ?"

"ನೀನು ಮಲಗಿದ್ದಾದ್ರೂ ಯಾವಾಗ?" ಅಂದು ಅವರು ಇನ್ನೂ ಜೋರಾಗಿ ಅತ್ತರು. ಈ ಸಲದ ಅಳು ಅವರದ್ದೇ ಇರಬೇಕು.

ವಿಶಾಲು ಒಳಕೋಣೆಗೆ ಬಂದಳು. ಗುಬ್ಬಿಯ ಕುಲಾವಿ ಕಿತ್ತು ಮೂಲೆಗೆ ಎಸೆದಳು. ಗುಬ್ಬಿಯ ಕಣ್ಣು ಈಗ ತೊಳೆದ ದ್ರಾಕ್ಷಿಯಂತೆ ಫಳಫಳ ಹೊಳೆಯುತ್ತಿತ್ತು. ಅವಳಲ್ಲಿ ಅಜ್ಜಿಯ ನಿದ್ದೆಯಿಲ್ಲ, ಅಪ್ಪನ ನಿದ್ದೆಯಿಲ್ಲ, ತನ್ನದೂ ಇಲ್ಲ. ಕೇಳಿ ತಂದುಕೊಡೋಣವೆಂದರೆ ಇಡೀ ಬೀದಿಯಲ್ಲಿ ಒಬ್ಬರ ಹತ್ತಿರವೂ ಇಲ್ಲ. ನಾಳೆ ಬೆಳಿಗ್ಗೆ ಲ್ಯಾಬು. ವಿಶಾಲುಗೆ ನಗು ಬಂತು, ಅಳು ಬಂತು, ಎರಡಕ್ಕೂ ಶಕ್ತಿ ಸಾಲಲಿಲ್ಲ. ಮಗುವನ್ನು ಹಾಸಿಗೆಯ ಮೇಲೆ ಬಿಟ್ಟು, ಒಂದು ಗೇಣು ದೂರದಲ್ಲಿ ತಾನೂ ಉರುಳಿಕೊಂಡಳು. ತಟ್ಟೋಣವೆಂದರೆ ಕೈ ಏಳಲಿಲ್ಲ. ಹಾಡೋಣವೆಂದರೆ ನಾಲಿಗೆ ಹೊರಳಲಿಲ್ಲ.

"ನಂಗೂ ಬರಲ್ಲ, ನಿಂಗೂ ಬರಲ್ಲ," ಅಂದಳು ಮಗಳಿಗೆ. "ಹೆಂಗ್ ಬೇಕೋ ಹಂಗ್ ಮಾಡವ್ವ."

ಗುಬ್ಬಿ ಕಾದಳು. ತಟ್ಟುವ ಕೈ ಬರಲಿಲ್ಲ. ಸ್ವಲ್ಪ ಹೊತ್ತು ಗೊಣಗಿದಳು, ಕಾಲು ಬಡಿದಳು. ಅವ್ವನ ಮುಖ ನೋಡಿದಳು. ಮುಖ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಮಗ್ಗುಲಾದಳು, ಮತ್ತೆ ಈ ಕಡೆಗೆ ಹೊರಳಿದಳು. ತನ್ನ ಕಿವಿಯನ್ನು ತಾನೇ ಹಿಡಿದು ನೋಡಿದಳು, ಅದು ಹಿಡಿಸಿತು. ಕಿವಿ ಹಿಡಿದುಕೊಂಡು ಅದೇನೋ ತನಗೇ ಹೇಳಿಕೊಂಡಳು. ಮಾತು ನಿಧಾನವಾಯಿತು, ರೆಪ್ಪೆ ಭಾರವಾಯಿತು. ಯಾರೂ ತೂಗದೆ, ಯಾರೂ ಹಾಡದೆ, ಗುಬ್ಬಿ ಮಲಗಿದಳು. ಬಾಯಿ ಅರ್ಧ ತೆರೆದಿತ್ತು, ಗಲ್ಲ ಎದೆಗೊತ್ತಿರಲಿಲ್ಲ, ಕೈ ಯಾರಿಗೂ ಚಾಚಿರಲಿಲ್ಲ. ಇದು ಯಾರ ನಿದ್ದೆಯೂ ಅಲ್ಲ, ಈಗಷ್ಟೇ ಅವಳೇ ಮಾಡಿಕೊಂಡದ್ದು ಎಂದು ವಿಶಾಲುಗೆ ಅರ್ಥವಾಯಿತು. ಮಗಳ ಮೇಲೆ ಹೇಳಲಾರದಷ್ಟು ಹೆಮ್ಮೆಯಾಯಿತು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಮೈ ಹಗುರವಾಗುತ್ತ ಬಂತು, ಅವಳೂ ಕಣ್ಣು ಮುಚ್ಚಿದಳು.

ಬಾಗಿಲು ಕಿರುಗುಟ್ಟಿತು. ದಿಂಬನ್ನು ಎದೆಗವಚಿಕೊಂಡು ಕೊಟ್ರೇಶ ನಿಂತಿದ್ದ. ಅವನ ಗಲ್ಲ ನಡುಗುತ್ತಿತ್ತು.

"ವಿಶಾಲೂ, ಮಾವ ಅಳ್ತಿದಾರೆ, ಅತ್ತೆ ಅಳ್ತಿದಾರೆ, ಬೀದಿ ಮಂದಿಯೆಲ್ಲ ಅಳ್ತಿದಾರೆ. ನಂಗೂ ತಡ್ಕೊಳ್ಳೋಕೆ ಆಗವಲ್ದು. ಯಾರಾದ್ರೂ ಎದ್ದು ಒಂಚೂರು ತಟ್ಟಬೇಕಲ್ಲೇ..."

ವಿಶಾಲು ಕಣ್ಣು ತೆರೆಯಲಿಲ್ಲ.

"ಬಾಗಿಲು ಹಾಕ್ಕೊಂಡು ಹೋಗ್ರಿ," ಅಂದಳು. "ಸ್ವಲ್ಪ ಹೊತ್ತು ಬಿಟ್ರೆ ತಾವೇ ಮಲಗೋದು ಕಲೀತಾರೆ."